ಬುಡ ಬಿಟ್ಟು ಕೊಯ್ದ ಅಣಬೆ: ಚನ್ನಗಿರಿ ತಾಲ್ಲೂಕಿನ ಒಂದು ಪ್ರಕರಣ

ಪುಷ್ಯ ಮಳೆ ಹಿಡಿದು ಐದನೇ ದಿನ, ಭಾನುವಾರ. ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಧ್ಯಾಹ್ನ ಒಂದೂವರೆಗೆ ಮುದ್ದೆ, ಅಣಬೆ ಸಾರು ಉಂಡ ಐವರಲ್ಲಿ ನಾಲ್ವರಿಗೆ ಎರಡೂವರೆಯೊಳಗೆ ತಲೆ ನಿಲ್ಲದಾಯಿತು. ಒಬ್ಬ ಬಿಟ್ಟೂಬಿಡದೆ ನಗುತ್ತಿದ್ದ. ಇನ್ನೊಬ್ಬ ಗೋಡೆ ಉಸಿರಾಡ್ತಾ ಐತೆ ಎಂದು ಕೂಗುತ್ತ ಅಂಗಳಕ್ಕೆ ಓಡಿದ. ಮೂರನೇ ದಿನಕ್ಕೆ ಎಲ್ಲರೂ ಮನೆ ಸೇರಿದರು, ಯಾರಿಗೂ ಉಳಿದುಕೊಳ್ಳುವಂಥ ತೊಂದರೆಯಾಗಲಿಲ್ಲ. ಆದರೂ ಇದನ್ನು ಬರೆದಿಡುವಂತಾದದ್ದು ನಡುವಿನ ಹದಿನೆಂಟು ಗಂಟೆಗಳಿಗಾಗಿ. ಆ ಹೊತ್ತಿನಲ್ಲಿ ಎರಡು ಮೂರು ಕಡೆ ತಪ್ಪು ದಾರಿ ತೀರಾ ಹತ್ತಿರದಲ್ಲಿತ್ತು. ಹೆಸರು, ಊರು, ಆಸ್ಪತ್ರೆ ಬಿಟ್ಟಿದೆ. ವಯಸ್ಸು ಮತ್ತು ನಂಟನ್ನು ಗುರುತು ಸಿಗದಷ್ಟು ಬದಲಿಸಿದೆ.

ಮನೆ, ಗೋಮಾಳ, ಪುಟ್ಟಿ

ಊರಿನ ಕೆಳಭಾಗಕ್ಕೆ ಭದ್ರಾ ನಾಲೆಯ ನೀರು ಬರುತ್ತದೆ, ಅಲ್ಲೆಲ್ಲ ಅಡಿಕೆ ತೋಟ. ಮೇಲ್ಭಾಗ ಮೆಕ್ಕೆಜೋಳದ ಹೊಲ. ಅದಕ್ಕೂ ಆಚೆ ಗೋಮಾಳ. ಊರಿನ ಎಮ್ಮೆ, ದನ ಮೇಯುವುದು ಅಲ್ಲೇ, ಹುತ್ತಗಳಿರುವುದೂ ಅಲ್ಲೇ. ಈ ಎರಡು ಸಂಗತಿ ಒಂದೇ ಜಾಗದಲ್ಲಿ ಕೂಡಿದ್ದೇ ಮುಂದಿನ ಗೊಂದಲಕ್ಕೆಲ್ಲ ಮೂಲ.

ಮನೆಯಲ್ಲಿ ಅಣಬೆ ಬಲ್ಲವರು ಅಜ್ಜಿ ಒಬ್ಬರೇ, ಅರವತ್ತೆಂಟು ವರ್ಷ. ಆರಿದ್ರಾ ಮಳೆ ಬಿದ್ದ ಮೇಲೆ ಹುತ್ತದ ಅಣಬೆ ತರುವುದು ಅವರ ಕೆಲಸವೇ ಆಗಿತ್ತು. ತರುವ ಕ್ರಮವೂ ಖಚಿತ. ಕೋಲಿನಿಂದ ಸುತ್ತಲ ಮಣ್ಣು ಸಡಿಲಿಸಿ, ಕಾಂಡ ಹಿಡಿದು ಮೆಲ್ಲಗೆ ಎಳೆದರೆ ಮೊಣಕೈಯುದ್ದದ ಬೇರಿನಂಥ ಬಾಲ ಸಮೇತ ಬರುತ್ತದೆ. ಆ ಬಾಲ ಕೆಳಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಮನೆಗೆ ತಂದು ಮೊರದಲ್ಲಿ ಹರವಿ, ಒಂದೊಂದರ ಬಾಲ ಮುರಿದು, ನಡುವೆ ಮೊನೆಯಿರುವ ಕೊಡೆಯನ್ನು ಬೆರಳಲ್ಲಿ ತಡವಿ ಪಾತ್ರೆಗೆ ಹಾಕುತ್ತಿದ್ದರು. ಎರಡು ವರ್ಷದಿಂದ ಕಣ್ಣು ಮಂದ, ಗೋಮಾಳದವರೆಗೆ ನಡೆಯಲಾಗುವುದಿಲ್ಲ. ಆದರೆ ಮೊರದ ಕೆಲಸ ಬಿಟ್ಟಿರಲಿಲ್ಲ. ಕಣ್ಣಿಗಿಂತ ಬೆರಳನ್ನೇ ನಂಬಿ ಮಾಡುತ್ತಿದ್ದರು. ಹುತ್ತದ ಅಣಬೆಯ ಮಟ್ಟಿಗೆ ಅದು ಸಾಕಾಗುತ್ತಿತ್ತು ಕೂಡ.

ಆ ಭಾನುವಾರ ಗೋಮಾಳಕ್ಕೆ ಹೋದವರು ದಾವಣಗೆರೆಯಿಂದ ಬಂದಿದ್ದ ಅಜ್ಜಿಯ ಮಗಳ ಮಗ, ಹತ್ತೊಂಬತ್ತರ ಹುಡುಗ, ಮತ್ತು ಆರು ವರ್ಷದ ಮೊಮ್ಮಗ. ಹುಡುಗ ಕುಡುಗೋಲು ಒಯ್ದಿದ್ದ. ಮಣ್ಣು ಮೆತ್ತಿದರೆ ತೊಳೆಯುವುದು ಕಷ್ಟವೆಂದು ಎಲ್ಲವನ್ನೂ ನೆಲದಿಂದ ಎರಡು ಬೆರಳು ಮೇಲೆ ಕೊಯ್ದ. ಚಿಕ್ಕವನು ಕಂಡದ್ದನ್ನೆಲ್ಲ ಕಿತ್ತು ತಂದ. ಒಂದು ಗಂಟೆಯಲ್ಲಿ ಅರ್ಧ ಪುಟ್ಟಿ ತುಂಬಿತು. ಮೊರದ ಮುಂದೆ ಕೂತ ಅಜ್ಜಿ ಕೇಳಿದ್ದು ಒಂದೇ ಮಾತು: "ಇದ್ರ ಬುಡ ಎಲ್ಲೋ?" "ಮಣ್ಣಾಗುತ್ತೆ ಅಂತ ಅಲ್ಲೇ ಬಿಟ್ಟೆ ಅಜ್ಜಿ, ಎಲ್ಲಾ ಹುತ್ತದ ಹತ್ರನೇ ಇದ್ದಿದ್ದು" ಎಂದ. ಸುಳ್ಳಲ್ಲ. ಸಗಣಿ ಗುಪ್ಪೆಗಳೂ ಹುತ್ತದಿಂದ ಎರಡು ಮಾರು ದೂರದಲ್ಲೇ ಇದ್ದವು.

ಅಜ್ಜಿ ಹುಳ ಹಿಡಿದವನ್ನು, ತೀರಾ ಅರಳಿ ಒದ್ದೆಯಾದವನ್ನು ತಿಪ್ಪೆಗೆ ಎಸೆದರು. ಕೆಲವು ಕಾಂಡಗಳಲ್ಲಿ ಕಪ್ಪು ಮಿಶ್ರಿತ ನೀಲಿ ಕಲೆಯಿತ್ತು. ಸೊಸೆ ನೋಡಿ ಹೇಳಿದಾಗ ಕುಡುಗೋಲಿನ ಕಬ್ಬಿಣದ ಕಲೆಯೆಂದು ತೀರ್ಮಾನವಾಯಿತು. ರೂಢಿಯಂತೆ ಅರಿಶಿನ, ಹುಣಸೆಹುಳಿ ಬಿದ್ದ ಸಾರು ಬಣ್ಣ ಕೆಡಲಿಲ್ಲ, ಬೆಳ್ಳುಳ್ಳಿ ಕಪ್ಪಾಗಲಿಲ್ಲ. ಇವೆರಡೂ ಯಾವ ಅಣಬೆಯ ಯಾವ ವಿಷವನ್ನೂ ತೋರಿಸಿಕೊಡುವುದಿಲ್ಲ. ಜೀವ ತೆಗೆಯುವ ಅಣಬೆ ಬೆಂದ ಸಾರಿನಲ್ಲೂ ಬೆಳ್ಳುಳ್ಳಿ ಬೆಳ್ಳಗೇ ಇರುತ್ತದೆ.

ಮೊದಲ ಒಂದೂವರೆ ಗಂಟೆ

ಎರಡು ಗಂಟೆ ಹತ್ತು ನಿಮಿಷಕ್ಕೆ ಶುರುವಾದದ್ದು ಹುಡುಗನಿಗೆ. ಆಕಳಿಕೆ, ಕೈಬೆರಳು ಜುಮ್ಮೆನ್ನುವುದು, ಆಮೇಲೆ ನಗು. ಸೊಸೆಗೆ ಹೊಟ್ಟೆ ತೊಳಸಿ ಒಮ್ಮೆ ವಾಂತಿ. ಮನೆ ಯಜಮಾನ ಹೆಚ್ಚು ಉಂಡಿದ್ದ, ಅವನ ಹೆದರಿಕೆಯೂ ಹೆಚ್ಚು. ಹಂಚಿನ ಸಾಲುಗಳು ನೀರಿನಂತೆ ಹರಿಯುತ್ತಿವೆ, ತನ್ನ ಕೈ ತನ್ನದಲ್ಲ ಎನ್ನುತ್ತಿದ್ದ. ಹನ್ನೊಂದರ ಮೊಮ್ಮಗಳು ಸ್ವಲ್ಪವೇ ತಿಂದಿದ್ದರೂ ಅಳು ನಿಲ್ಲಿಸಲಿಲ್ಲ, ಮೈ ಸ್ವಲ್ಪ ಬೆಚ್ಚಗಿತ್ತು. ಎರಡು ತುತ್ತು ಉಂಡ ಅಜ್ಜಿಗೆ ಬರೀ ತಲೆ ಹಗುರಾದಂತೆ. ಚಿಕ್ಕವನು ಅಣಬೆ ಮುಟ್ಟುವವನೇ ಅಲ್ಲ.

ಸೇರಿದ ಜನರಲ್ಲಿ ಮೂರು ಅಭಿಪ್ರಾಯ ಹುಟ್ಟಿದವು. ಗಾಳಿ ಸೋಕಿದೆ ಎಂದವರು ಕೆಲವರು. ಚಿಕ್ಕ ಮಕ್ಕಳ ಕೈಗೆ ಉಮ್ಮತ್ತಿ ಕಾಯಿ ಸಿಕ್ಕಿರಬೇಕೆಂದು ಇನ್ನು ಕೆಲವರು. ಹೆಚ್ಚು ಜನ ನಂಬಿದ್ದು ಮೂರನೆಯದನ್ನು: ಮೆಕ್ಕೆಜೋಳಕ್ಕೆ ಹೊಡೆದ ಔಷಧಿ. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಗುರುತಾದ ಸೈನಿಕ ಹುಳು ಈ ಸೀಮೆಯ ಮೆಕ್ಕೆಜೋಳಕ್ಕೆ ಅಂಟಿಕೊಂಡ ಮೇಲೆ ಮುಂಗಾರಿನಲ್ಲಿ ಸಿಂಪರಣೆ ನಡೆಯದ ಹೊಲವಿಲ್ಲ. ಈ ಮನೆಯವರೂ ಮೂರು ದಿನ ಹಿಂದೆ ಹೊಡೆದಿದ್ದರು.

ಔಷಧಿಯೆಂದು ನಂಬಿದ ಮೇಲೆ ವಾಂತಿ ಮಾಡಿಸುವ ಆತುರ. ಯಜಮಾನನನ್ನು ಇಬ್ಬರು ಹಿಡಿದು ಚೊಂಬು ತುಂಬ ಉಪ್ಪುನೀರು ಬಾಯಿಗೆ ಹೊಯ್ದರು. ಒದ್ದಾಡುತ್ತಿದ್ದವನಿಗೆ ನೀರು ಹತ್ತಿ ಐದು ನಿಮಿಷ ಕೆಮ್ಮಿ ಕೆಮ್ಮಿ ಮುಖ ಕೆಂಪೇರಿತು. ಆ ಇಡೀ ದಿನ ನಿಜಕ್ಕೂ ಪ್ರಾಣಕ್ಕೆ ಕುತ್ತು ತಂದ ಕ್ಷಣ ಇದೇ ಇರಬೇಕು. ಅಣಬೆ ಮಾಡದ ಹಾನಿಯನ್ನು ಚೊಂಬು ಮಾಡುತ್ತಿತ್ತು. ಮತ್ತೇರಿದವನಿಗೆ, ಗಾಬರಿಯಲ್ಲಿರುವವನಿಗೆ ಏನನ್ನೂ ಬಲವಂತದಿಂದ ಕುಡಿಸಬಾರದು. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪುನೀರು ಯಾವ ವಿಷಕ್ಕೂ ಮದ್ದಲ್ಲ, ಹೆಚ್ಚು ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಅದೇ ಇನ್ನೊಂದು ವಿಷವಾಗುತ್ತದೆ.

ಅಷ್ಟರಲ್ಲಿ ಊರಿನ ಆಶಾ ಕಾರ್ಯಕರ್ತೆ ಬಂದರು. ಅವರು ಮಾಡಿದ ಮೊದಲ ಕೆಲಸ 108ಕ್ಕೆ ಕರೆ. ಎರಡನೆಯದು, ಪಕ್ಕದ ಮನೆಯಾಕೆ ಸಾರಿನ ಪಾತ್ರೆ ತೊಳೆಯಲು ನೀರು ಹಾಕುವವರಿದ್ದರು, ಅದನ್ನು ತಡೆದದ್ದು. ಉಳಿದ ಸಾರನ್ನು ಡಬ್ಬಿಗೆ ಹಾಕಿಸಿದರು. ಪುಟ್ಟಿಯ ತಳದಲ್ಲಿದ್ದ ಮೂರು ಮೊಗ್ಗು, ತಿಪ್ಪೆಗೆ ಎಸೆದಿದ್ದ ಏಳು ಅರಳಿದ ಕೊಡೆ, ಒಂದಿಷ್ಟು ಕಾಂಡದ ತುಂಡು ಇವನ್ನೆಲ್ಲ ಹಳೆ ಪೇಪರಿನಲ್ಲಿ ಬೇರೆ ಬೇರೆ ಸುತ್ತಿದರು. ಪ್ಲಾಸ್ಟಿಕ್ ಕವರಿಗೆ ಹಾಕಿದ್ದರೆ ಆ ಸೆಕೆಗೆ ರಾತ್ರಿಯೊಳಗೆ ಕೊಳೆತು ನೀರಾಗಿರುತ್ತಿದ್ದವು, ಮುಂದಿನ ಅರ್ಧ ಕಥೆಯೇ ಇರುತ್ತಿರಲಿಲ್ಲ.

ಕಣ್ಣಿನ ಪಾಪೆ

ತಾಲ್ಲೂಕು ಮಟ್ಟದ ಆಸ್ಪತ್ರೆ ಮುಟ್ಟಿದ್ದು ಮೂರು ಮುಕ್ಕಾಲಿಗೆ. ಜೊತೆಗೆ ಬಂದವರು ಬಾಗಿಲಲ್ಲೇ "ಔಷಧಿ ಕುಡ್ದಂಗಾಗೈತೆ ಸಾರ್" ಎಂದರು. ಈ ಭಾಗದ ಆಸ್ಪತ್ರೆಗಳಿಗೆ ಆ ವಾಕ್ಯ ಪರಿಚಿತ. ಅದರ ಹಿಂದೆಯೇ ಅಟ್ರೊಪಿನ್ ಹೊರಬರುತ್ತದೆ, ಬರಬೇಕು ಕೂಡ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಕ್ಕೆ ಅದೇ ಜೀವ ಉಳಿಸುವ ಮದ್ದು. ಇಂಜೆಕ್ಷನ್ ಎಳೆದೂ ಆಗಿತ್ತು.

ತಡೆದದ್ದು ಟಾರ್ಚು. ಆರ್ಗನೊಫಾಸ್ಫೇಟ್ ಹೊಕ್ಕಿದ್ದರೆ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು ಸುರಿಯುತ್ತದೆ, ಎದೆಯಲ್ಲಿ ಗೊರಗೊರ ಸದ್ದು, ಸ್ನಾಯುಗಳು ಅಲ್ಲಲ್ಲಿ ಅದುರುತ್ತವೆ. ಇಲ್ಲಿ ನಾಲ್ವರ ಪಾಪೆಯೂ ಅಗಲವಾಗಿ ಹಿಗ್ಗಿತ್ತು. ಜೊಲ್ಲಿಲ್ಲ, ಅದುರಿಲ್ಲ. ಯಜಮಾನನ ನಾಡಿ 118, ರಕ್ತದೊತ್ತಡ 150/94. ಹಿಗ್ಗಿದ ಪಾಪೆಗೆ, ಓಡುವ ನಾಡಿಗೆ ಅಟ್ರೊಪಿನ್ ಕೊಟ್ಟರೆ ಎರಡೂ ಇನ್ನಷ್ಟು ಏರುತ್ತವೆ, ಗೊಂದಲವೂ ಏರುತ್ತದೆ. ಇಂಜೆಕ್ಷನ್ ಟ್ರೇಗೆ ಮರಳಿತು. ಪ್ರಕರಣದ ಮೊದಲ ತಿರುವು ಇದು.

ಹಾಗಾದರೆ ಉಮ್ಮತ್ತಿಯೇ? ಅದರಲ್ಲೂ ಪಾಪೆ ಹಿಗ್ಗುತ್ತದೆ, ನಾಡಿ ಓಡುತ್ತದೆ. ಆದರೆ ಉಮ್ಮತ್ತಿ ತಿಂದವರ ಬಾಯಿ ಹಂಚಿನಂತೆ ಒಣಗುತ್ತದೆ, ಚರ್ಮ ಒಣಗಿ ಬಿಸಿಯಾಗಿ ಕೆಂಪಾಗುತ್ತದೆ, ಮೂತ್ರ ಕಟ್ಟುತ್ತದೆ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಗಾಳಿಯಲ್ಲಿ ದಾರ ಎಳೆದಂತೆ ಕೈಯಾಡಿಸುವುದು ಅದರ ಚಹರೆ. ಇವರ ನಾಲಿಗೆ ಒದ್ದೆಯಾಗಿತ್ತು, ಅಂಗೈ ಬೆವರಿತ್ತು. ಹೆಸರು, ಊರು, ವಾರ ಎಲ್ಲವನ್ನೂ ಹೇಳುತ್ತಿದ್ದರು. ಕಾಣುತ್ತಿರುವುದು ನಿಜವಲ್ಲ ಎಂಬ ಅರಿವೂ ಮಧ್ಯೆ ಮಧ್ಯೆ ಬರುತ್ತಿತ್ತು. ಊಟವಾದ ಮುಕ್ಕಾಲು ಗಂಟೆಯಲ್ಲಿ ಶುರು, ಉಂಡವರಿಗಷ್ಟೇ ತೊಂದರೆ, ಹೆಚ್ಚು ಉಂಡವನಿಗೆ ಹೆಚ್ಚು. ಎಲ್ಲ ಸೇರಿ ತೋರಿಸುತ್ತಿದ್ದುದು ಸಿಲೊಸೈಬಿನ್ ಇರುವ ಅಣಬೆಯ ಕಡೆಗೆ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಬೇರ್ಪಡಿಸಿದ ವಸ್ತು ಅದು. ದೇಹದೊಳಗೆ ಅದರ ಫಾಸ್ಫೇಟ್ ಭಾಗ ಕಳಚಿ ಸಿಲೊಸಿನ್ ಆಗುತ್ತದೆ, ಮಿದುಳಿನ ಸೆರೊಟೊನಿನ್ ಗ್ರಾಹಿಗಳಿಗೆ ಅಂಟಿಕೊಂಡು ನೋಟ, ಕಾಲ, ತನ್ನತನದ ಅರಿವನ್ನು ಕದಡುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಯಲ್ಲಿ ಇಳಿಯುತ್ತದೆ. ಬೇಯಿಸಿದ ಮಾತ್ರಕ್ಕೆ ಹೋಗುವಂಥದ್ದಲ್ಲ.

ಇದಕ್ಕೆ ಪ್ರತಿಮದ್ದು ಇಲ್ಲ, ಬಹುಪಾಲು ಬೇಕಾಗುವುದೂ ಇಲ್ಲ. ವಾರ್ಡಿನ ಕೊನೆಯ ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಸುತ್ತ ಮುತ್ತಿದವರನ್ನು ಕಳಿಸಿ, ಒಬ್ಬೊಬ್ಬರ ಬಳಿ ಪರಿಚಯದವರೊಬ್ಬರನ್ನು ಕೂರಿಸಿದರು. ಯಜಮಾನನನ್ನು ಊರಿನಿಂದ ಬರುವಾಗ ಟವೆಲಿನಲ್ಲಿ ಕೈಕಟ್ಟಿ ತಂದಿದ್ದರು, ಅದನ್ನು ಬಿಚ್ಚಿಸಿದರು. ಕಟ್ಟಿದಷ್ಟೂ ಕೊಸರಾಟ, ಕೊಸರಿದಷ್ಟೂ ಮೈ ಕಾವು. ಅವನೊಬ್ಬನಿಗೆ ಡಯಾಜೆಪಾಮ್ ಬೇಕಾಯಿತು. ಮಗುವಿನ ಮೇಲೆ ಬೇರೆಯೇ ನಿಗಾ: ಚಿಕ್ಕವರಲ್ಲಿ ಜ್ವರ, ಫಿಟ್ಸ್ ಬರುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು, ಆದ್ದರಿಂದ ಗಂಟೆಗೊಮ್ಮೆ ತಾಪ ನೋಡಿದರು. ರಾತ್ರಿ ಎಂಟರ ಹೊತ್ತಿಗೆ ನಾಲ್ವರೂ ಶಾಂತ. ಹುಡುಗ ಅನ್ನ ಕೇಳಿದ.

ಹಾಗಾದರೆ ಮನೆಗೆ ಕಳಿಸಬಹುದಿತ್ತೇ?

ನೆಂಟರ ಒತ್ತಾಯ ಅದೇ ಇತ್ತು. ಆರಾಮಾದ ಮೇಲೆ ಇನ್ಯಾಕೆ? ವೈದ್ಯರು ಒಪ್ಪಲಿಲ್ಲ, ಒಪ್ಪದಿದ್ದುದು ಸರಿ. ಅಣಬೆ ವಿಷದಲ್ಲಿ ಆರು ಗಂಟೆಯ ಒಂದು ಗೆರೆಯಿದೆ. ತಿಂದು ಆರು ಗಂಟೆಯೊಳಗೆ ಶುರುವಾಗುವ ತೊಂದರೆ, ಎಷ್ಟೇ ಗದ್ದಲದ್ದಾದರೂ, ಹೆಚ್ಚಾಗಿ ದಾಟಿಹೋಗುವಂಥದ್ದು. ಆರು ಗಂಟೆಯ ನಂತರ, ಕೆಲವೊಮ್ಮೆ ಇಪ್ಪತ್ನಾಲ್ಕು ಗಂಟೆಗೆ ಶುರುವಾಗುವ ವಾಂತಿಭೇದಿಯೇ ಭಯದ್ದು. ಕೆಲವು ಅಮಾನಿಟಾ, ಗ್ಯಾಲರೈನಾ ಅಣಬೆಗಳ ಅಮಟಾಕ್ಸಿನ್ ಎಂಬ ವಿಷ ಹಾಗೆ ಬರುತ್ತದೆ. ಎರಡನೇ ದಿನ ಗುಣವಾದಂತೆ ನಟಿಸಿ, ಮೂರು ನಾಲ್ಕನೇ ದಿನಕ್ಕೆ ಯಕೃತ್ತನ್ನು ಕೆಡವುತ್ತದೆ.

ಜನ ಮರೆಯುವುದು ಇಲ್ಲಿ: ಆ ಗೆರೆ ಒಂದೇ ಜಾತಿ ತಿಂದವರಿಗೆ. ಪುಟ್ಟಿ ಬೆರಕೆಯಾಗಿದ್ದರೆ ಬೇಗ ಬಂದ ಲಕ್ಷಣ ತಡವಾಗಿ ಬರುವುದಿಲ್ಲವೆಂಬ ಭರವಸೆ ಕೊಡುವುದಿಲ್ಲ, ಎರಡೂ ಒಂದೇ ಸಾರಿನಲ್ಲಿರಬಹುದು. ಆಶಾ ಕಾರ್ಯಕರ್ತೆ ತಂದ ಪೇಪರ್ ಪೊಟ್ಟಣಗಳನ್ನು ಬಿಚ್ಚಿದಾಗ ಬರಿಗಣ್ಣಿಗೇ ಮೂರು ಬಗೆ ಕಂಡವು. ಜೊತೆಗೊಂದು ಕಂದು ಕೊಡೆಯ ಚೂರು, ಹೆಬ್ಬೆರಳ ಉಗುರಿನಷ್ಟು, ಕಾಂಡವಿಲ್ಲ, ಯಾವುದರ ಜೊತೆಗೂ ಸೇರದ್ದು. ಆ ಚೂರೇ ಎಲ್ಲರನ್ನೂ ನಲವತ್ತೆಂಟು ಗಂಟೆ ಆಸ್ಪತ್ರೆಯಲ್ಲಿ ಇರಿಸಿತು. ಶಾಂತವಾಗಿ ನುಂಗಬಲ್ಲವರಿಗೆ ಆ್ಯಕ್ಟಿವೇಟೆಡ್ ಚಾರ್ಕೋಲ್ ಕೊಟ್ಟರು, ಕೆಜಿ ತೂಕಕ್ಕೆ ಒಂದು ಗ್ರಾಂ, ದೊಡ್ಡವರಿಗೆ 50 ಗ್ರಾಂ. ಒದ್ದಾಡುತ್ತಿದ್ದ ಯಜಮಾನನಿಗೆ ಕೊಡಲಿಲ್ಲ. ಬಂದಾಗ, ಇಪ್ಪತ್ನಾಲ್ಕು ಗಂಟೆಗೆ, ನಲವತ್ತೆಂಟು ಗಂಟೆಗೆ ಯಕೃತ್ತಿನ ಪರೀಕ್ಷೆ, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ಸಮಯ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲು ರಾತ್ರಿ ಫೋನಿಗೆ ಸಿಗುತ್ತದೆ. ಇಂಥ ಬೆರಕೆ ಪ್ರಕರಣದಲ್ಲಿ ಅಲ್ಲಿಗೆ ಮಾತಾಡುವುದು ಸಣ್ಣ ಆಸ್ಪತ್ರೆಗಳ ಮಟ್ಟಿಗೆ ದೊಡ್ಡ ಆಸರೆ.

ಕಾಗದದ ಮೇಲಿನ ಮೂರು ಬಣ್ಣ

ಫೋಟೊ ತೆಗೆದು ದಾವಣಗೆರೆಯ ಸಸ್ಯಶಾಸ್ತ್ರ ಅಧ್ಯಾಪಕರೊಬ್ಬರಿಗೆ ಕಳಿಸಿದರು. ಅವರ ಉತ್ತರ ಚಿಕ್ಕದು: ಫೋಟೊದಲ್ಲಿ ಜಾತಿ ಹೇಳಲಾಗದು, ಬೀಜಕದ (ಕೊಡೆಯಿಂದ ಉದುರುವ, ಬೀಜದಂಥ ಪುಡಿಯ) ಅಚ್ಚು ತೆಗೆಯಿರಿ. ಅಚ್ಚು ತೆಗೆಯಲು ಬೇಕಾದದ್ದು ಕಾಗದ, ಲೋಟ, ತಾಳ್ಮೆ. ಕಾಂಡವನ್ನು ಕೊಡೆಯ ಅಡಿಗೆ ಸಮವಾಗಿ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕೊಡೆಯ ಅಡಿಯ ತೆಳು ಪದರಗಳ ಕಡೆ ಕೆಳಗಾಗಿ ಇಟ್ಟು, ಕೊಡೆಯ ನೆತ್ತಿಗೆ ಒಂದು ಹನಿ ನೀರು ಹಾಕಿ, ಗಾಳಿಯಾಡದಂತೆ ಸ್ಟೀಲ್ ಲೋಟ ಬೋರಲು ಹಾಕಬೇಕು. ನಾಲ್ಕಾರು ಗಂಟೆಯಿಂದ ಒಂದು ರಾತ್ರಿ. ಎರಡು ಬಣ್ಣದ ಕಾಗದ ಯಾಕೆಂದರೆ ಬಿಳಿ ಬೀಜಕ ಬಿಳಿ ಹಾಳೆಯಲ್ಲಿ ಕಾಣುವುದೇ ಇಲ್ಲ. ಫ್ಯಾನಿನ ಕೆಳಗೆ ಇಟ್ಟರೆ ಎಲ್ಲ ಹಾರಿಹೋಗುತ್ತದೆ. ಮೊಗ್ಗಿನಿಂದ ಅಚ್ಚು ಬಾರದು, ಅರಳಿದ ಕೊಡೆಯೇ ಆಗಬೇಕು. ಹಾಗಾಗಿ ಅಜ್ಜಿ ಬೇಡವೆಂದು ತಿಪ್ಪೆಗೆ ಎಸೆದ ಏಳು ಕೊಡೆಗಳೇ ಕೊನೆಗೆ ಸಾಕ್ಷಿ ಹೇಳಿದವು.

ಬೆಳಗಿನ ಆರಕ್ಕೆ ಲೋಟ ಎತ್ತಿದರೆ ಮೂರು ಬಣ್ಣ. ಮೂರು ಕೊಡೆಗಳದ್ದು ತಿಳಿ ಗುಲಾಬಿ ಬೆರೆತ ಕೆನೆ. ಇವು ಹುತ್ತದವು, ಟರ್ಮಿಟೊಮೈಸಿಸ್. ಎರಡರದ್ದು ಕಡು ನೇರಳೆ ಬೆರೆತ ಕಂದು, ಮಾಗಿದ ನೇರಳೆ ಹಣ್ಣು ಹಿಂಡಿದ ಕಲೆಯಂತೆ. ಇನ್ನೆರಡರದ್ದು ಇದ್ದಿಲ ಕಪ್ಪು. ಸೂಕ್ಷ್ಮದರ್ಶಕದಡಿ ನೇರಳೆ ಅಚ್ಚಿನ ಬೀಜಕಗಳು ಹನ್ನೆರಡರಿಂದ ಹದಿನಾರು ಮೈಕ್ರಾನ್ ಉದ್ದ, ದಪ್ಪ ಗೋಡೆ, ಒಂದು ತುದಿಯಲ್ಲಿ ಮೊಳಕೆಯ ರಂಧ್ರ. ಕಪ್ಪು ಅಚ್ಚಿನವು ನಿಂಬೆಹಣ್ಣಿನ ಆಕಾರ. ಹುತ್ತದ ಅಣಬೆಯವು ಇವುಗಳ ಅರ್ಧದಷ್ಟೇ ಉದ್ದ. ಕಂದು ಚೂರು ಏನನ್ನೂ ಉದುರಿಸಲಿಲ್ಲ.

ಗೋಮಾಳದಲ್ಲಿ

ಮಾರನೇ ಬೆಳಿಗ್ಗೆ ಎಂಟಕ್ಕೆ ಅಧ್ಯಾಪಕರು, ಆಶಾ ಕಾರ್ಯಕರ್ತೆ, ಆರು ವರ್ಷದ ಹುಡುಗ ಗೋಮಾಳಕ್ಕೆ ಹೋದರು. ದೊಡ್ಡ ಹುಡುಗ ಆಸ್ಪತ್ರೆಯಲ್ಲೂ ಹುತ್ತದ ಹತ್ತಿರ ಎಂದಷ್ಟೇ ಹೇಳುತ್ತಿದ್ದ. ಚಿಕ್ಕವನು ಮಾತಾಡದೆ ಕೈ ತೋರಿಸಿದ. ಕುಡುಗೋಲು ಕೊಯ್ದುಳಿದ ಮೋಟುಗಳು ಇನ್ನೂ ನೆಲದಲ್ಲಿದ್ದವು: ಹುತ್ತದ ಬುಡದಲ್ಲಿ ಹನ್ನೊಂದು, ಎಮ್ಮೆ ಸಗಣಿಯಲ್ಲಿ ಒಂಬತ್ತು, ದನದ ಸಗಣಿ ಮಣ್ಣಾಗಿ ಹುಲ್ಲೆದ್ದ ಜಾಗದಲ್ಲಿ ಆರು.

ಸಗಣಿಯೆಂದರೆ ಹೊಸ ಸಗಣಿಯಲ್ಲ. ನಿನ್ನೆ ಮೊನ್ನೆಯದರಲ್ಲಿ ಏನೂ ಇರಲಿಲ್ಲ. ಮಳೆಗೆ ನೆನೆದು, ಮೇಲಿನ ಹೊರಪು ಬಿರುಕು ಬಿಟ್ಟು, ಒಳಗೆ ಬಿಳಿ ನೂಲಿನಂಥ ಎಳೆ ಹಬ್ಬಿದ ಗುಪ್ಪೆಗಳಲ್ಲೇ ಮೋಟು. ಸಗಣಿಯ ಅಣಬೆಗಳ ಬೀಜಕ ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿ, ಅರಗದೆ ಹೊರಬಂದು ಅಲ್ಲೇ ಮೊಳೆಯುತ್ತದೆ. ಹದ ಬೇಕು: ಬಿಸಿಲಿಗೆ ಎರಡು ದಿನದಲ್ಲಿ ಬೆರಣಿಯಾದ ಸಗಣಿಯಲ್ಲಿ ಏಳುವುದಿಲ್ಲ. ನಾಲೆಯ ಸೋರಿಕೆ, ಲಂಟಾನದ ನೆರಳು, ಮೊಣಕಾಲೆತ್ತರದ ಹುಲ್ಲು ಇರುವ ಈ ತಗ್ಗು ಅದಕ್ಕೆ ಒಪ್ಪಿತ್ತು. ಅದೇ ಗೋಮಾಳದ ಮೇಲಿನ ಬೋಳು ದಿಬ್ಬದಲ್ಲಿ ಅಷ್ಟೇ ದನ, ಅಷ್ಟೇ ಸಗಣಿ, ಒಂದೂ ಅಣಬೆಯಿಲ್ಲ. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯ ಕಾವಲುಗಳಲ್ಲಿ ದನಗಳಿಗೇನೂ ಕೊರತೆಯಿಲ್ಲ, ಆದರೆ ಸಗಣಿ ಒಣಗುವ ವೇಗವೇ ಬೇರೆ. ಇಂಥ ಅಣಬೆಯೆಂದರೆ ಕೊಡೈಕೆನಾಲ್ ಬೆಟ್ಟದ ಮಾತು, ನಮ್ಮ ಕಡೆಯದಲ್ಲ ಎಂದುಕೊಂಡವರೇ ಹೆಚ್ಚು. ಬೆಟ್ಟಕ್ಕೂ ಇದಕ್ಕೂ ಕಟ್ಟುಪಾಡಿಲ್ಲ. ಉಷ್ಣವಲಯದ ದನ ಮೇಯುವ ಒದ್ದೆ ಹುಲ್ಲುಗಾವಲು ಎಲ್ಲಿದ್ದರೂ ಸಿಗಬಹುದಾದ ಜಾತಿ.

ನೇರಳೆ ಅಚ್ಚಿನದು ಸಿಲೊಸೈಬಿ ಕ್ಯೂಬೆನ್ಸಿಸ್. 1906ರಲ್ಲಿ ಅರ್ಲ್ ಎಂಬ ಅಮೆರಿಕದ ಶಿಲೀಂಧ್ರಶಾಸ್ತ್ರಜ್ಞ ಕ್ಯೂಬಾದ ಮಾದರಿ ನೋಡಿ ವಿವರಿಸಿದ್ದರಿಂದ ಆ ಹೆಸರು. ಎಳೆಯದರಲ್ಲಿ ಕೊಡೆ ಗಂಟೆಯಾಕಾರ, ಬಲಿತಂತೆ ಬಟ್ಟಲಾಗಿ ಕೊನೆಗೆ ತಟ್ಟೆಯಾಗುತ್ತದೆ. ಅಗಲ ಎರಡರಿಂದ ಎಂಟು ಸೆಂಟಿಮೀಟರ್. ನೆತ್ತಿ ಬೆಲ್ಲದ ಬಣ್ಣ, ಅಂಚಿಗೆ ಬಂದಂತೆ ಕೆನೆ. ಮಳೆಯಲ್ಲಿ ಮುಟ್ಟಿದರೆ ಅಂಟಂಟು. ಕಾಂಡ ಬಿಳಿ, ನಾಲ್ಕರಿಂದ ಹದಿನೈದು ಸೆಂಟಿಮೀಟರ್ ಎತ್ತರ, ಒಳಗೆ ಟೊಳ್ಳು. ಕಾಂಡದ ಮೇಲ್ಭಾಗದಲ್ಲಿ ಪೊರೆಯ ಉಂಗುರ. ಕೊಡೆಯಿಂದ ಉದುರಿದ ಬೀಜಕ ಅದರ ಮೇಲೆ ಕೂತು ಬಿಳಿ ಉಂಗುರದ ಮೇಲ್ಮೈ ನೇರಳೆಗಪ್ಪಾಗಿರುತ್ತದೆ. ಪದರಗಳು ಮೊದಲು ಬೂದು, ಬಲಿತಾಗ ನೇರಳೆಗಪ್ಪು, ಅಂಚಷ್ಟೇ ಬಿಳಿ. ಕಪ್ಪು ಅಚ್ಚಿನದು ಪನಿಯೊಲಸ್ ಸಯನೆಸೆನ್ಸ್, 1871ರಲ್ಲಿ ಶ್ರೀಲಂಕಾದ ಮಾದರಿಯಿಂದ ವಿವರಿಸಿದ್ದು. ಅದು ಬಡಕಲು: ನಾಲ್ಕು ಸೆಂಟಿಮೀಟರ್ ಮೀರದ ಬೂದುಬಿಳಿ ಕೊಡೆ, ಕಡ್ಡಿಯಂಥ ಎರಡು ಮೂರು ಮಿಲಿಮೀಟರ್ ಕಾಂಡ, ಉಂಗುರವಿಲ್ಲ, ಪದರಗಳಲ್ಲಿ ಬೂದು ಕಪ್ಪು ಮಚ್ಚೆ.

ಎರಡಕ್ಕೂ ಸಮಾನವಾದದ್ದು ಆ ನೀಲಿ. ಅಧ್ಯಾಪಕರು ಕೊಯ್ಯದೆ ಉಳಿದಿದ್ದ ಒಂದರ ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಹತ್ತು ನಿಮಿಷಕ್ಕೆ ಬೆರಳೊತ್ತಿದ ಜಾಗ ಹಸಿರುನೀಲಿಗೆ ತಿರುಗಿತು, ಅರ್ಧ ಗಂಟೆಗೆ ಶಾಯಿ ಚೆಲ್ಲಿದಂತೆ. ಗಾಯವಾದಾಗ ಅಣಬೆಯದೇ ಒಂದು ಕಿಣ್ವ ಸಿಲೊಸೈಬಿನ್‌ನ ಫಾಸ್ಫೇಟ್ ಕಳಚುತ್ತದೆ, ಇನ್ನೊಂದು ಅದನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ನೀಲಿ ಸರಪಳಿ ಕಟ್ಟುತ್ತದೆ. ಜರ್ಮನಿಯ ಯೆನಾದ ಸಂಶೋಧಕರು 2019ರಲ್ಲಿ ಬಿಡಿಸಿ ತೋರಿಸಿದ ಕ್ರಿಯೆ ಇದು. ಕುಡುಗೋಲಿನ ಕಲೆಯೆಂದು ಮನೆಯಲ್ಲಿ ತಳ್ಳಿಹಾಕಿದ್ದು ಇದನ್ನೇ. ಹಾಗೆಂದು ನೀಲಿಯನ್ನು ಪರೀಕ್ಷೆಯಾಗಿ ನಂಬುವುದೂ ಅಪಾಯ. ಮಳೆಗೆ ತೊಯ್ದು ಹಳತಾದವು ಸರಿಯಾಗಿ ನೀಲಿಯಾಗುವುದಿಲ್ಲ, ಯಾವ ಅಮಲೂ ಇಲ್ಲದ ಬೇರೆ ಜಾತಿಯ ಕೆಲವು ಅಣಬೆ ಕೂಡ ನೀಲಿಯಾಗುತ್ತವೆ. ಜೀವ ತೆಗೆಯುವ ಅಮಾನಿಟಾ ಎಷ್ಟು ಒತ್ತಿದರೂ ಬೆಳ್ಳಗೆ ಇರುತ್ತದೆ. ಅದೇ ಸಗಣಿಯಲ್ಲಿ ನೀಲಿಯಾಗದ, ಅಮಲಿಲ್ಲದ ಬಿಳಿ ಪನಿಯೊಲಸ್ ಆಂಟಿಲ್ಲಾರಮ್ ಕೂಡ ನಾಲ್ಕು ಎದ್ದಿದ್ದವು.

ಇಷ್ಟೆಲ್ಲ ವ್ಯತ್ಯಾಸವಿದ್ದೂ ಅಜ್ಜಿ ಮೋಸಹೋದದ್ದು ಹೇಗೆ? ಉಂಗುರ ನೋಡಿ ಅಲ್ಲ, ಹುತ್ತದ ಅಣಬೆಯ ಒಂದು ಜಾತಿಗೂ ಉಂಗುರವಿದೆ. ಎಳೆಯ ಮೊಗ್ಗಿನಲ್ಲಿ ಪದರದ ಬಣ್ಣವೂ ಮೋಸ ಮಾಡುತ್ತದೆ, ಎರಡರದ್ದೂ ಮಾಸಲು. ಮೊಗ್ಗಿನಲ್ಲೂ ಬದಲಾಗದ ಗುರುತು ಬುಡದಲ್ಲಿತ್ತು. ಒಂದರದ್ದು ನೆಲಕ್ಕಿಳಿದ ಉದ್ದ ಬಾಲ, ಇನ್ನೊಂದರದ್ದು ಸಗಣಿ ಕಚ್ಚಿಕೊಂಡ ಬಿಳಿ ನಾರು. ಆ ಎರಡು ಬೆರಳಿನಷ್ಟು ಭಾಗವನ್ನೇ ಕುಡುಗೋಲು ಗೋಮಾಳದಲ್ಲಿ ಬಿಟ್ಟು ಬಂದಿತ್ತು. ಬೆರಳ ತುದಿಯಲ್ಲಿ ಅಣಬೆ ಓದುವವರಿಗೆ ಓದಲು ಅಕ್ಷರವೇ ಉಳಿದಿರಲಿಲ್ಲ.

ಎಂಎಲ್‌ಸಿ ಮತ್ತು ಮೌನ

ವಿಷಪ್ರಾಶನದ ಪ್ರಕರಣವಾದ್ದರಿಂದ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಿತು, ಪೊಲೀಸರು ಬಂದರು. ಸಿಲೊಸೈಬಿನ್, ಸಿಲೊಸಿನ್ ಎರಡೂ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿವೆ. ಪೇಟೆಯಿಂದ ಬಂದ ಹತ್ತೊಂಬತ್ತರ ಹುಡುಗ, ಅಮಲಿನ ಅಣಬೆ: ಅನುಮಾನ ಹುಟ್ಟಲು ಇಷ್ಟು ಸಾಕಾಯಿತು. ಮೊಬೈಲ್ ಕೇಳಿದರು, ಗೆಳೆಯರ ಹೆಸರು ಕೇಳಿದರು. ಹುಡುಗ ಇನ್ನಷ್ಟು ಮುಚ್ಚಿಕೊಂಡ. ಸಗಣಿಯಿಂದಲೂ ಕಿತ್ತಿದ್ದೇವೆಂದು ಅವನು ಬಾಯಿಬಿಟ್ಟದ್ದು ಎರಡನೇ ದಿನ ಮಧ್ಯಾಹ್ನ, ಅದೂ ಅಜ್ಜಿ ಪಕ್ಕದಲ್ಲಿ ಕೂತು ಬೆನ್ನು ಸವರಿದ ಮೇಲೆ. ಭಾನುವಾರ ಸಂಜೆಯೇ ಆ ಮಾತು ಬಂದಿದ್ದರೆ ರೋಗನಿರ್ಣಯಕ್ಕೆ ಕಾಗದ, ಲೋಟಗಳಿಗೆ ಕಾಯಬೇಕಿರಲಿಲ್ಲ. ತುರ್ತು ಕೋಣೆಯಲ್ಲಿ "ಯಾಕೆ ತಿಂದೆ" ಎನ್ನುವ ಪ್ರಶ್ನೆ ಯಾವ ಉಪಯೋಗಕ್ಕೂ ಬರಲಿಲ್ಲ. ಕೇಳಬೇಕಿದ್ದುದು ನಾಲ್ಕು: ಎಷ್ಟು ಹೊತ್ತಿಗೆ ಉಂಡಿರಿ, ಮೊದಲ ಲಕ್ಷಣ ಎಷ್ಟು ಹೊತ್ತಿಗೆ, ಎಷ್ಟು ಬಗೆ ಅಣಬೆಯಿತ್ತು, ಒಂದೊಂದೂ ಯಾವುದರ ಮೇಲೆ ಎದ್ದಿತ್ತು. ಕೊನೆಯದನ್ನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಗೋಮಾಳ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ಮಣ್ಣೇ, ಹುತ್ತವೇ, ಸಗಣಿಯೇ, ಕೊಳೆತ ಮರವೇ ಎಂದು ಒಡೆದು ಕೇಳಬೇಕು.

ಮೂರೂ ಸುತ್ತಿನ ರಕ್ತಪರೀಕ್ಷೆ ಸಹಜವಾಗಿ ಬಂತು. ಮಂಗಳವಾರ ಸಂಜೆ ಬಿಡುಗಡೆ. ಯಜಮಾನನಿಗೆ ಒಂದು ವಾರ ನಿದ್ದೆ ಸರಿಬರಲಿಲ್ಲ, ಕಣ್ಣು ಮುಚ್ಚಿದರೆ ಹಂಚು ಹರಿಯುವುದೆಂಬ ಭಯ. ಎರಡನೇ ಭೇಟಿಯ ಹೊತ್ತಿಗೆ ಅದೂ ಇಳಿದಿತ್ತು. ಕುಟುಂಬದಲ್ಲಿ ಮಾನಸಿಕ ಕಾಯಿಲೆಯ ಹಿನ್ನೆಲೆಯಿದ್ದವರಿಗೆ ಇಂಥ ಅನುಭವ ಹೆಚ್ಚು ಕಾಲ ಕಾಡಬಹುದಾದ್ದರಿಂದ ಆ ಪ್ರಶ್ನೆಯನ್ನೂ ಕೇಳಿ ಬರೆದುಕೊಂಡಿದ್ದರು.

ಮನೆಯಲ್ಲಿ ಹುತ್ತದ ಅಣಬೆ ತಿನ್ನುವುದು ನಿಂತಿಲ್ಲ. ಮುಂದಿನ ಮಳೆಗೆ ಆದ ಬದಲಾವಣೆ ಎಂದರೆ ಪುಟ್ಟಿಯ ಜೊತೆ ಕುಡುಗೋಲು ಹೋಗುವುದಿಲ್ಲ, ಕೋಲು ಹೋಗುತ್ತದೆ. ಬಾಲವಿಲ್ಲದ ಒಂ‌ದನ್ನೂ ಅಜ್ಜಿ ಮೊರಕ್ಕೆ ಸೇರಿಸುವುದಿಲ್ಲ, ಮೊಗ್ಗನ್ನಂತೂ ತರಿಸುವುದೇ ಇಲ್ಲ. ಬೇಯಿಸುವ ಮೊದಲು ಒಂದು ಹಿಡಿಯಷ್ಟನ್ನು ಬುಡ ಸಮೇತ ಪೇಪರಿನಲ್ಲಿ ಸುತ್ತಿ ತಂಪಾದ ಕಡೆ ಮೂರು ದಿನ ಇಡುವಂತೆ ಆಶಾ ಕಾರ್ಯಕರ್ತೆ ಊರಿನ ಉಳಿದ ಮನೆಗಳಿಗೂ ಹೇಳಿದ್ದಾರೆ. ಹೇಳಿದ್ದನ್ನು ಮಾಡುವವರು ನಾಲ್ಕೈದು ಮನೆ. ಒಣಗಿಸಿದ ಕಂದು ಚೂರು ಅಧ್ಯಾಪಕರ ಬಳಿ ಲಕೋಟೆಯಲ್ಲಿದೆ, ಮೇಲೆ ತಾರೀಖು, "ಗೋಮಾಳ, ತಗ್ಗು", ಮತ್ತೆ ಜಾತಿ ಬರೆಯುವ ಜಾಗದಲ್ಲಿ ಒಂದು ಗೀಟು.